ಎರಡನೆಯ ಕರೆ

ನಮ್ಮ ಮನೆಯಲ್ಲಿ ಬೈಗುಳ ಇರಲಿಲ್ಲ, ಸಾಮ್ಯಗಳಿದ್ದವು. ಬೈಗುಳವೇ ಎಷ್ಟೋ ವಾಸಿ ಎಂದು ಆ ವಯಸ್ಸಿನಲ್ಲಿ ನನಗೆ ಅನಿಸುತ್ತಿತ್ತು. ಬೈದರೆ ಒಂದಿಷ್ಟು ಅತ್ತು, ಮುಖ ಊದಿಸಿಕೊಂಡು ಕೂತು, ಸಂಜೆ ಚಹಾದ ಹೊತ್ತಿಗೆ ರಾಜಿ ಮಾಡಿಕೊಳ್ಳಬಹುದು. ಸಾಮ್ಯದ ಜತೆ ರಾಜಿ ಮಾಡಿಕೊಳ್ಳುವುದು ಹೇಗೆ? ಯೇಸು ಜನರಿಗೆ ಹೇಳಿದ ಸಣ್ಣ ಸಣ್ಣ ಕಥೆಗಳಿಗೆ ನಮ್ಮ ಕನ್ನಡ ಬೈಬಲಿನಲ್ಲಿ ಆ ಹೆಸರು. ಬೀಜ ಬಿತ್ತುವವನದು, ತಪ್ಪಿಸಿಕೊಂಡ ಕುರಿಯದು, ಮನೆ ಬಿಟ್ಟು ಹೋಗಿ ಹಂದಿ ಕಾದ ಮಗನದು. ಅಮ್ಮನಿಗೆ ಎಲ್ಲವೂ ಬಾಯಿಪಾಠ. ಅವಳ ಅಪ್ಪ ಮೂಲ್ಕಿ ಕಡೆಯ ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿ ಉಪದೇಶಿಯಾಗಿದ್ದವರು. ಏಳು ಮಕ್ಕಳನ್ನು ಅವರು ಒಮ್ಮೆಯೂ ಕೈಯೆತ್ತದೆ ಸಾಕಿದ್ದು ಸಾಮ್ಯಗಳಿಂದಲೇ ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು. ಆ ಏಳು ಮಕ್ಕಳನ್ನು ಯಾರೂ ವಿಚಾರಿಸಿದ ಹಾಗಿಲ್ಲ. ಒಮ್ಮೆ ಪಪ್ಪ ಆಫೀಸಿಗೆ ತಡವಾಗಿ ಹೋಗಿ, ಸಾಹೇಬರಲ್ಲಿ ಕ್ಷಮೆ ಕೇಳಿ ಪಾರಾಗಿ ಬಂದಿದ್ದರು. ಅದೇ ಸಂಜೆ ಗ್ಯಾಸ್ ಸಿಲಿಂಡರಿನವನು ತಡವಾಗಿ ಬಂದನೆಂದು ಬಾಗಿಲಲ್ಲೇ ನಿಲ್ಲಿಸಿ ಅವನನ್ನು ತರಾಟೆಗೆ ತೆಗೆದುಕೊಂಡರು. ಅಮ್ಮ ಒಳಗಿನಿಂದ ಚಹಾ ತಂದು ಪಪ್ಪನ ಮುಂದೆ ಇಟ್ಟು, ಒಬ್ಬ ರಾಜನಿಗೆ ಒಬ್ಬ ಸೇವಕ ಇದ್ದನಂತೆ ಎಂದು ಶುರುಮಾಡಿದಳು, ರಾಜನಿಂದ ಕ್ಷಮೆ ಪಡೆದು ಬಂದು ತನ್ನ ಸಾಲಗಾರನನ್ನು ಕ್ಷಮಿಸದವನ ಸಾಮ್ಯ. ರಾಜ ಇನ್ನೂ ಸಿಂಹಾಸನದಲ್ಲಿ ಸರಿಯಾಗಿ ಕೂತಿರಲಿಲ್ಲ, ಪಪ್ಪ ಚಪ್ಪಲಿ ಮೆಟ್ಟಿಕೊಂಡು ಸಿಲಿಂಡರಿನವನ ಹಿಂದೆ ಓಡಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಎಲ್ಲರ ಕೈಯೂ ಯಾವಾಗಲೂ ಹೆಗಲ ಮೇಲೆಯೇ ಇರುತ್ತಿತ್ತು. ಕಥೆ ಮುಗಿದ ಮೇಲೆ ಅದರ ಅರ್ಥವನ್ನು ಮಾತ್ರ ಅಮ್ಮ ಯಾವತ್ತೂ ಹೇಳುತ್ತಿರಲಿಲ್ಲ. ಕೇಳಿದರೆ ಒಂದೇ ಉತ್ತರ.

"ಅರ್ಥ ನಾನು ಹೇಳುದಿಲ್ಲ. ಹೇಳಿದ್ರೆ ಅದು ಬೈಗುಳ ಆಗ್ತದೆ."

ಆಗ ನಾವು ಕೊಚ್ಚಿಯ ಹೊರಗೆ ಅಂಬಲಮುಗಳಿನ ಕ್ವಾರ್ಟರ್ಸಿನಲ್ಲಿದ್ದೆವು. ಅದಕ್ಕೆ ಮುಂಚೆ ಎರಡು ವರ್ಷ ತಿರುವನಂತಪುರ. ಅಲ್ಲಿಂದ ನಾವು ತಂದದ್ದು ನನ್ನ ಮಲಯಾಳ ಮತ್ತು ಒಂದು ಕಂಚಿನ ಉರುಳಿ. ಚಾಲೈ ಪೇಟೆಯಲ್ಲಿ ಮೂರು ಆದಿತ್ಯವಾರ ಚೌಕಾಸಿ ಮಾಡಿ ಅಮ್ಮ ಗೆದ್ದ ಪಾತ್ರೆ ಅದು, ಇಪ್ಪತ್ತೈದು ಜನರ ಸಾರು ಹಿಡಿಯುವಷ್ಟು ಅಗಲ. ಮೂರು ಜನರ ಸಂಸಾರಕ್ಕೆ ಅದು ಯಾಕೆಂದು ಪಪ್ಪ ಕೇಳಿದ್ದಕ್ಕೆ, ಜನ ಬರ್ತಾರೆ ಎಂದಿದ್ದಳು. ಕ್ವಾರ್ಟರ್ಸಿನ ಅಡುಗೆಕೋಣೆಯಲ್ಲಿ ಅದನ್ನು ಇಡಲು ಜಾಗವಿಲ್ಲದೆ ನನ್ನ ಮಂಚದ ಕೆಳಗೆ ಇಟ್ಟಿದ್ದೆವು. ಎರಡು ಕೋಣೆ, ಮುಂದೆ ಒಂದು ಸಣ್ಣ ಜಗಲಿ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಗಾಳಿ ಈ ಕಡೆ ತಿರುಗಿದಾಗ ಎಣ್ಣೆ ಕಾಯಿಸಿದಂಥ ಕಾರ್ಖಾನೆಯ ವಾಸನೆ. ಮನೆಯೊಳಗೆ ಮಂಗಳೂರಿನ ಕನ್ನಡ. ಅಮ್ಮ ಪಪ್ಪ ಕನ್ನಡದಲ್ಲಿ ಕೇಳುತ್ತಿದ್ದರು, ನಾನು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದೆ, ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ. ಪಕ್ಕದ ಮನೆಯ ಅನ್ನಮ್ಮ ಚೇಚಿ, ಅಂದರೆ ಅನ್ನಮ್ಮಕ್ಕ, ಗೋಡೆಯಾಚೆಯಿಂದ ಅಮ್ಮನಿಗೆ ಮಲಯಾಳ ಕಲಿಸಿದರು, ಅಮ್ಮ ಅವರಿಗೆ ನೀರುದೋಸೆ ಕಲಿಸಿದಳು. ಆ ಮಲಯಾಳದ ಬಲದ ಮೇಲೆಯೇ ಅಮ್ಮ ವೈಟ್ಟಿಲದ ಹತ್ತಿರದ ನಮ್ಮ ಚರ್ಚಿನಲ್ಲಿ ಸಂಡೇ ಸ್ಕೂಲ್ ಟೀಚರೂ ಆದಳು. ನನ್ನದೇ ಕ್ಲಾಸಿಗೆ. ನನ್ನ ಗ್ರಹಚಾರ.

ನನಗೆ ಹತ್ತು ವರ್ಷವಾಗಿದ್ದಾಗ ಪಪ್ಪನಿಗೆ ಅರಸಿನ ಕಾಮಾಲೆ ಆಯಿತು. ಕಣ್ಣು, ಉಗುರು, ಹಾಸಿಗೆಯ ಚಾದರ ಎಲ್ಲ ಹಳದಿ. ಎರಡು ತಿಂಗಳು ಅವರು ಎದ್ದು ಓಡಾಡಲಿಲ್ಲ. ಆಗ ನಮ್ಮನ್ನು ಎತ್ತಿ ನಿಲ್ಲಿಸಿದ್ದು ಕಾಲನಿಯಲ್ಲಿದ್ದ ನಾಲ್ಕು ಕನ್ನಡದ ಮನೆಗಳು, ಎಲ್ಲರೂ ನಮ್ಮ ಕರಾವಳಿಯವರೇ. ಶೆಟ್ಟಿ ಮಾಮ ದಿನಾ ಬೆಳಿಗ್ಗೆ ಕಾಂಪೌಂಡಿನ ಬದಿಗೆಲ್ಲ ಬಗ್ಗಿ ಹುಡುಕಿ ನೆಲನೆಲ್ಲಿ ಗಿಡ ಕಿತ್ತು ತಂದುಕೊಡುತ್ತಿದ್ದರು. ಅವರ ಹೊಟ್ಟೆಗೆ ಬಗ್ಗುವುದು ಸುಲಭದ ಕೆಲಸವಾಗಿರಲಿಲ್ಲ. ಸಾಲಿಯಾನ್ ಆಂಟಿ ಗಂಜಿ ಕಳಿಸುತ್ತಿದ್ದರು. ಇನ್ನೆರಡು ಮನೆಯವರು ಸರದಿಯಲ್ಲಿ ಪಪ್ಪನನ್ನು ಆಸ್ಪತ್ರೆಗೆ ಕರೆದೊಯ್ದರು, ನನ್ನನ್ನು ಶಾಲೆಗೆ ಬಿಟ್ಟರು. ಪಪ್ಪ ಎದ್ದು ನಿಂತು, ಮೊದಲ ಸಲ ಖಾರದ ಸಾರು ಉಂಡ ದಿನವೇ ಅಮ್ಮ ಮಂಚದ ಕೆಳಗಿನಿಂದ ಉರುಳಿ ಎಳೆದಳು. ದೇವರಿಗೆ ಉಪಕಾರಸ್ತುತಿಯ ಊಟ, ಆ ನಾಲ್ಕು ಮನೆಗೂ ಅನ್ನಮ್ಮ ಚೇಚಿಯ ಮನೆಗೂ. ಕೋರಿರೊಟ್ಟಿ, ಕೋಳಿಸಾರು, ತುಪ್ಪದನ್ನ, ಕಡಲೆಬೇಳೆ ಪಾಯಸ. ಗರಿಗರಿ ಅಕ್ಕಿರೊಟ್ಟಿಗಳನ್ನು ಊರಿನಿಂದ ಯಾರೋ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಒಂದೂ ಮುರಿದಿರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಊಟದ ಹೇಳಿಕೆ ಎಂದರೆ ನಮ್ಮಲ್ಲಿ ಎರಡು ಸಲ. ಒಂದು ವಾರ ಮುಂಚೆ ಗಂಡ ಹೆಂಡತಿ ಮನೆಗೆ ಹೋಗಿ ಹೇಳಬೇಕು. ಅದು ಮೊದಲನೆಯದು. ಊಟದ ದಿನ ಅಡುಗೆ ಆದ ಮೇಲೆ ಮನೆಯ ಮಗು ಒಂದು ಮತ್ತೆ ಹೋಗಿ, ಎಲೆ ಹಾಕಿ ಆಯ್ತು, ಬರಬೇಕಂತೆ ಎನ್ನಬೇಕು. ಆ ಎರಡನೆಯ ಕರೆ ಬಾರದೆ ಮಾನವಂತರು ಹೊಸ್ತಿಲು ದಾಟುವುದಿಲ್ಲ. ದಾಟಿದರೆ ಊಟಕ್ಕೆ ಹಪಹಪಿಸಿ ಬಂದರು ಎಂಬ ಮಾತು. ಕೇರಳಕ್ಕೆ ಬಂದು ಎಷ್ಟೋ ಬಿಟ್ಟ ನಮ್ಮವರು ಇದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮನೆಯಲ್ಲಿ ಇದ್ದ ಮಗು ನಾನೊಬ್ಬಳೇ, ಹಾಗಾಗಿ ಕರೆಯುವ ಕೆಲಸ ನನ್ನದೇ.

ಊಟ ಆದಿತ್ಯವಾರ ಮಧ್ಯಾಹ್ನಕ್ಕೆ, ಮೊದಲ ಕರೆಯನ್ನು ಅಮ್ಮ ಪಪ್ಪ ಹೋಗಿ ಹೇಳಿ ಬಂದಾಗಿತ್ತು. ಶನಿವಾರ ಅಮ್ಮ ಮಸಾಲೆ ಅರೆಯುತ್ತಾ, ನೀರು ಬಂದಾಗ ಡ್ರಮ್ಮು ತುಂಬಿಸು ಎಂದಿದ್ದಳು. ಆಯ್ತಮ್ಮ ಎಂದೆ. ಕಾಲನಿಯಲ್ಲಿ ನೀರು ಬರುತ್ತಿದ್ದದ್ದು ಒಂದೇ ತಾಸು. ನಾನು ಜಗಲಿಯಲ್ಲಿ ಚಿತ್ರಕಥೆಯ ಪುಸ್ತಕ ಓದುತ್ತಾ ಕೂತೆ, ನೀರು ಬಂತು, ಹೋಯಿತು. ಅಮ್ಮ ಏನೂ ಹೇಳದೆ ಅನ್ನಮ್ಮ ಚೇಚಿಯ ಬಾವಿಯಿಂದ ಹದಿನಾರು ಕೊಡ ಹೊತ್ತಳು. ಏನೂ ಹೇಳಲಿಲ್ಲ ಎಂದಾಗಲೇ ನನಗೆ ಗೊತ್ತಾಗಬೇಕಿತ್ತು. ಮರುದಿನ ಸಂಡೇ ಸ್ಕೂಲಿನಲ್ಲಿ ಅವಳು ಇಬ್ಬರು ಗಂಡುಮಕ್ಕಳ ಸಾಮ್ಯ ತೆಗೆದಳು. ತೋಟಕ್ಕೆ ಹೋಗು ಎಂದಾಗ ಹೋಗುವುದಿಲ್ಲ ಎಂದು ಆಮೇಲೆ ಹೋದವನೊಬ್ಬ, ಹೋಗುತ್ತೇನೆ ಎಂದು ಹೋಗದವನೊಬ್ಬ. ಮಕ್ಕಳಿಗೆ ಸುಲಭವಾಗಲೆಂದು ಗಂಡುಮಕ್ಕಳು ಹೆಣ್ಣುಮಕ್ಕಳಾದರು, ತೋಟ ನೀರಿನ ಡ್ರಮ್ಮಾಯಿತು. ಎರಡನೆಯ ಮಗಳು ಜಗಲಿಯಲ್ಲಿ ಕಾಲು ಚಾಚಿಕೊಂಡು ಚಿತ್ರಕಥೆ ಓದುತ್ತಾ ಕೂತಳು. ಸಾಲಿಯಾನ್ ಆಂಟಿಯ ಮಗಳು ಶೀಲಾ ಮೊದಲು ನನ್ನ ಕಡೆ ತಿರುಗಿದಳು. ಆಮೇಲೆ ಇಡೀ ಬೆಂಚು ತಿರುಗಿತು. ಯಾರೋ ಕಿಸಕ್ಕೆಂದರು. ಇವರಲ್ಲಿ ತಂದೆಯ ಮಾತು ನಡೆಸಿದವರು ಯಾರು ಎಂದು ಅಮ್ಮ ಕೇಳಿದಾಗ ಹತ್ತು ಕೈ ಮೇಲೆದ್ದವು. ಮನೆಯೊಳಗೆ ಏನು ಹೇಳಿದರೂ ನಾನು ಸಹಿಸುತ್ತಿದ್ದೆ. ಹೊರಗೆ, ನನ್ನ ಗೆಳತಿಯರ ಮುಂದೆ, ಅದೂ ದೇವರ ಹೆಸರು ಹೇಳಿಕೊಂಡು. ವೈಟ್ಟಿಲದಿಂದ ಬಸ್ಸಿನಲ್ಲಿ ಬರುವಾಗ ಅಮ್ಮನ ಪಕ್ಕ ಕೂರದೆ ಹಿಂದೆ ಹೋಗಿ ನಿಂತೆ.

ಹನ್ನೆರಡೂವರೆಗೆ ಅಡುಗೆ ಆಯಿತು. ಉರುಳಿಯ ತುಂಬ ಸಾರು, ಮೇಲೆ ತೆಂಗಿನಹಾಲಿನ ಕೆನೆ. ಜಮಖಾನ ಹಾಸಿ, ಬಾಳೆಲೆ ಒರೆಸಿ ಸಾಲಾಗಿ ಇಟ್ಟಾಗಿತ್ತು. ಪಪ್ಪ ಹೊಸ ಅಂಗಿ ಹಾಕಿಕೊಂಡಿದ್ದರು. ಕಾಯಿಲೆಯಲ್ಲಿ ಇಳಿದುಹೋಗಿ ಅಂಗಿ ಬೇರೆ ಯಾರದ್ದೋ ಎನ್ನುವ ಹಾಗಿತ್ತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಕರೆದಳು.

"ರೀನಾ, ಹೋಗಿ ಹೇಳಿ ಬಾ ಮಗಾ. ನಾಲ್ಕೂ ಮನೆಗೆ. ಶೆಟ್ಟಿ ಮಾಮನ ಮನೆಗೆ ಮೊದಲು."

"ಹೋಗ್ತೇನೆ ಅಮ್ಮ," ಎಂದೆ. ಅಪರೂಪಕ್ಕೆ ಕನ್ನಡದಲ್ಲೇ ಎಂದೆ.

ಹೋಗಲಿಲ್ಲ. ಬೇಕೆಂದೇ ಹೋಗಲಿಲ್ಲ, ಇದರಲ್ಲಿ ಮರೆವಿನ ಮಾತೇ ಇಲ್ಲ. ಎರಡನೆಯ ಮಗಳು ನಾನೇ ಎಂದು ಊರಿಗೆಲ್ಲ ಸಾರಿದೆಯಲ್ಲ, ತೆಗೆದುಕೋ ಎಂದುಕೊಂಡು ನೀರಿನ ಟ್ಯಾಂಕಿನ ಹಿಂದೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಕರೆಯದಿದ್ದರೂ ಒಂದರ್ಧ ತಾಸು ತಡವಾಗಿ ಬಂದೇ ಬರುತ್ತಾರೆ, ಅಮ್ಮ ಸ್ವಲ್ಪ ಪೇಚಾಡಲಿ, ಅಷ್ಟೇ ನನ್ನ ಲೆಕ್ಕ. ಇರುವೆಗಳ ಸಾಲು ನೋಡಿದೆ. ನಾಲ್ಕು ಮನೆ ಸುತ್ತುವಷ್ಟು ಹೊತ್ತು ಕಳೆದು ವಾಪಸ್ ಬಂದೆ.

"ಹೇಳಿದೆಯಾ?"

"ಹೇಳಿದೆ. ಬರ್ತಾರಂತೆ."

ಒಂದು ಗಂಟೆಗೆ ಸರಿಯಾಗಿ ಅನ್ನಮ್ಮ ಚೇಚಿ ಮತ್ತು ಅವರ ಗಂಡ ಕುರಿಯನ್ ಚೇಟನ್ ಬಂದರು. ಅವರಿಗೆ ನಮ್ಮ ಎರಡು ಕರೆಯ ರಗಳೆ ಗೊತ್ತಿರಲಿಲ್ಲ. ಗಡಿಯಾರ ನೋಡಿದರು, ಬಂದರು. ಒಂದೂವರೆಯಾಯಿತು. ಪಪ್ಪ ಗೇಟಿನ ಹತ್ತಿರ ನಾಲ್ಕು ಸಲ ಹೋಗಿ ಬಂದರು. ಅಮ್ಮ ಸಾರನ್ನು ಮತ್ತೆ ಒಲೆಗೆ ಏರಿಸಿ ಇಳಿಸಿದಳು. ಎರಡು ಗಂಟೆಯ ಹೊತ್ತಿಗೆ ಬಾಳೆಲೆಯ ಅಂಚು ಸುರುಳಿ ಸುತ್ತತೊಡಗಿತು. ಏನಾದರೂ ಆಗಿರಬಹುದು, ನೋಡಿ ಬರುತ್ತೇನೆ ಎಂದು ಪಪ್ಪ ಎದ್ದರು. ಅಮ್ಮ ಬಿಡಲಿಲ್ಲ.

"ಎರಡು ಸಲ ಕರೆದಾಯ್ತು. ಮೂರನೇ ಸಲ ಕರೆಯುದಂದ್ರೆ ಕಾಲು ಹಿಡಿದ ಹಾಗೆ. ಬೇಡ."

"ನಾಲ್ಕು ಮನೆಯವರೂ ಒಟ್ಟಿಗೆ ಸಿಟ್ಟು ಮಾಡ್ಲಿಕ್ಕೆ ನಾವು ಎಂತ ಮಾಡಿದ್ದೇವೆ ಮಾರಾಯ್ತಿ?"

"ನಂಗೆ ಗೊತ್ತಿಲ್ಲ. ಕಾಯಿಲೆಯಲ್ಲಿ ತುಂಬ ಕೈ ಚಾಚಿದೆವು. ಅವರಿಗೆ ಸಾಕಾಗಿರಬೇಕು."

ಅದನ್ನು ಹೇಳುವಾಗ ಅವಳ ದನಿ ಒಡೆಯಿತು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಸ್ವಲ್ಪ ಪೇಚಾಡಲಿ ಎಂದುಕೊಂಡಿದ್ದವಳಿಗೆ ಇದು ಸ್ವಲ್ಪವಲ್ಲ ಎಂದು ಆಗ ತಿಳಿಯಿತು. ಈಗಲಾದರೂ ಓಡಿಹೋಗಿ ಕರೆಯೋಣವೆಂದರೆ ಸುಳ್ಳು ಹೊರಬೀಳುತ್ತದೆ. ಸುಮ್ಮನಿದ್ದರೆ ಅಮ್ಮ ಆ ನಾಲ್ಕು ಮನೆಗಳ ಮುಖ ಇನ್ನು ನೋಡುವುದಿಲ್ಲ, ಅವಳ ಸ್ವಭಾವ ನನಗೆ ಗೊತ್ತಿತ್ತು. ಅನ್ನಮ್ಮ ಚೇಚಿ ಸಮಾಧಾನಕ್ಕೆ ಏನೇನೋ ಹೇಳುತ್ತಿದ್ದರು. ಅಮ್ಮ ಅಡುಗೆಕೋಣೆಯ ಹೊಸ್ತಿಲ ಮೇಲೆ ಕೂತು, ಕಣ್ಣೊರೆಸಿಕೊಂಡು, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಅವರಿಗೆ ಒಂದು ಸಾಮ್ಯ ಹೇಳತೊಡಗಿದಳು. ದೊಡ್ಡ ಔತಣದ ಸಾಮ್ಯ. ಒಬ್ಬ ಮನುಷ್ಯ ದೊಡ್ಡ ಊಟ ಮಾಡಿಸಿ ಬಹಳ ಜನಕ್ಕೆ ಹೇಳಿಕೆ ಕೊಟ್ಟಿದ್ದ. ಊಟದ ಹೊತ್ತಿಗೆ, ಬನ್ನಿ ಎಲ್ಲ ಸಿದ್ಧವಾಗಿದೆ ಎಂದು ಕರೆಯಲು ಆಳನ್ನು ಕಳಿಸಿದ. ಒಬ್ಬ, ಹೊಲ ಕೊಂಡಿದ್ದೇನೆ ಎಂದ. ಒಬ್ಬ, ಎತ್ತು ಕೊಂಡಿದ್ದೇನೆ ಎಂದ. ಇನ್ನೊಬ್ಬ, ಮದುವೆಯಾಗಿದ್ದೇನೆ ಎಂದ.

"ಶೆಟ್ರು ಈ ಮೂರರಲ್ಲಿ ಯಾವುದು ಮಾಡಿದ್ದಾರೋ," ಎಂದರು ಪಪ್ಪ. ಯಾರೂ ನಗಲಿಲ್ಲ.

"ಆಳು ಪಾಪ, ಮನೆಮನೆ ಸುತ್ತಿ ಬಂದು ಯಜಮಾನನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ," ಎಂದಳು ಅಮ್ಮ.

ಅಮ್ಮ ಅಷ್ಟು ವರ್ಷ ಎಷ್ಟೋ ಸಲ ಹೇಳಿದ ಕಥೆ. ಹೊಲದವನು, ಎತ್ತಿನವನು, ಯಜಮಾನ ಎಲ್ಲರ ಬಗ್ಗೆ ನಾವು ಮಾತಾಡಿದ್ದೆವು. ಆ ಆಳಿನ ಕಡೆ ಒಮ್ಮೆಯೂ ಯಾರೂ ನೋಡಿರಲಿಲ್ಲ. ಅಮ್ಮ ನನ್ನನ್ನು ಗುರಿಯಿಟ್ಟು ಹೇಳುತ್ತಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ನನ್ನನ್ನು ನಂಬಿದ್ದಳು. ಆ ನಂಬಿಕೆಯನ್ನು ನನಗೆ ಇನ್ನು ಒಂದು ಕ್ಷಣವೂ ತಡೆದುಕೊಳ್ಳಲಾಗಲಿಲ್ಲ.

"ಅಮ್ಮ, ಆಳು ಹೋಗಲೇ ಇಲ್ಲ," ಎಂದೆ.

ಅನ್ನಮ್ಮ ಚೇಚಿಗೆ ಅರ್ಥವಾಗಲಿಲ್ಲ. ಪಪ್ಪನಿಗೆ ಅರ್ಥವಾಗಲು ಎರಡು ಉಸಿರು ಬೇಕಾಯಿತು. ಅಮ್ಮನಿಗೆ ಒಂದೂ ಬೇಕಾಗಲಿಲ್ಲ. ಅವಳು ಎದ್ದು ಬಂದು ನನ್ನ ಮುಂದೆ ನಿಂತಳು. ಈಗ ಯಾವ ಸಾಮ್ಯ ಬರುತ್ತದೋ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಯಾವುದೂ ಬರಲಿಲ್ಲ.

"ನೀನು ಸುಳ್ಳು ಹೇಳಿದೆ. ಪಪ್ಪನನ್ನು ಹೊತ್ತುಕೊಂಡು ತಿರುಗಿದವರನ್ನು ನಾನು ಮನಸ್ಸಿನಲ್ಲಿ ಬೈದೆ, ನಿನ್ನಿಂದ. ನಂಗೆ ತುಂಬ ಬೇಜಾರಾಗಿದೆ ರೀನಾ."

ಅಷ್ಟೇ. ಆ ನಾಲ್ಕು ಮಾತು ನನಗೆ ತಾಗಿದ ಹಾಗೆ ಅಲ್ಲಿಯವರೆಗೆ ಯಾವ ಕಥೆಯೂ ತಾಗಿರಲಿಲ್ಲ. ಕಥೆಯಲ್ಲಾದರೆ ಅಡಗಲು ಸ್ವಲ್ಪ ಜಾಗ ಇರುತ್ತದೆ. ಇದು ನಾನಲ್ಲ ಅಂದುಕೊಳ್ಳಬಹುದು, ಆಮೇಲೆ ನಮ್ಮ ಪುರುಸೊತ್ತಿನಲ್ಲಿ ಹೊರಗೆ ಬಂದು ಹೌದು ನಾನೇ ಅನ್ನಬಹುದು. ಅಮ್ಮ ಇಷ್ಟು ವರ್ಷ ನಮಗೆ ಆ ಪುರುಸೊತ್ತು ಕೊಡುತ್ತಿದ್ದಳು ಎಂದು ಆ ಹೊತ್ತಿಗೆ ಹೊಳೆಯಿತು. ಇಷ್ಟು ಚೆನ್ನಾಗಿ ಆಗ ಹೊಳೆದಿರಲಿಕ್ಕಿಲ್ಲ. ನಾನು ಅಳತೊಡಗಿದೆ. ಅಮ್ಮ ನನ್ನ ಫ್ರಾಕಿನ ಅಂಚಿನಿಂದಲೇ ನನ್ನ ಮೂಗು ಒರೆಸಿದಳು.

"ಈಗ ಹೋಗು. ಒಬ್ಬಳೇ ಹೋಗು. ಹೋಗಿ ಇದ್ದದ್ದು ಹೇಳು."

ಆ ಬಿಸಿಲಲ್ಲಿ ಶೆಟ್ಟಿ ಮಾಮನ ಮನೆಗೆ ಹೋಗುವ ಮುನ್ನೂರು ಹೆಜ್ಜೆ ನನ್ನ ಜೀವಮಾನದ ಅತಿ ಉದ್ದದ ದಾರಿ. ಬಾಗಿಲು ತೆರೆದೇ ಇತ್ತು. ಎದುರಿನ ಕುರ್ಚಿಯಲ್ಲಿ ಮಾಮ ಇಸ್ತ್ರಿ ಮಾಡಿದ ಪಂಚೆಯುಟ್ಟು, ಪೌಡರು ಹಾಕಿಕೊಂಡು ಕೂತಿದ್ದರು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಬೆಳಿಗ್ಗೆಯಿಂದ ಹಸಿವು ಕೆಡಬಾರದೆಂದು ಮನೆಯಲ್ಲಿ ಯಾರಿಗೂ ಒಂದು ಬಿಸ್ಕತ್ತು ಮುಟ್ಟಲು ಮಾಮ ಬಿಟ್ಟಿರಲಿಲ್ಲವಂತೆ. ನಾನು ಬಿಕ್ಕುತ್ತಾ, ಸಿಟ್ಟಿನಲ್ಲಿ ಬರಲಿಲ್ಲ ಎಂದೆ, ಸುಳ್ಳು ಹೇಳಿದೆ ಎಂದೆ, ಎಲೆ ಹಾಕಿ ಆಯ್ತು ಬರಬೇಕಂತೆ ಎಂದೆ. ಮಾಮ ಅರ್ಧ ಮಾತಿಗೇ ಎದ್ದು ನಿಂತರು.

"ಅದೆಲ್ಲ ಆಮೇಲೆ ಹೇಳು ಮಾರಾಯ್ತಿ. ಹೊಟ್ಟೆ ತಾಳ ಹಾಕ್ತಾ ಉಂಟು. ಹೋಗುವಾ, ಹೋಗುವಾ."

"ನಮ್ಮಿಂದ ಎಂತಾದ್ರೂ ತಪ್ಪಾಯ್ತಾ ಅಂತ ನಾವು ಹೆದರಿ ಕೂತದ್ದು," ಎಂದರು ಅತ್ತೆ. ಅವರ ಕಣ್ಣೂ ಕೆಂಪಾಗಿತ್ತು.

ನಾಲ್ಕು ಮನೆಯಲ್ಲೂ ಇದೇ. ಸಾಲಿಯಾನ್ ಆಂಟಿ ಕಾಮಾಲೆಯ ಗಂಜಿಗೆ ಉಪ್ಪು ಹೆಚ್ಚಾಗಿತ್ತೋ ಏನೋ ಎಂಬಲ್ಲಿಯವರೆಗೆ ಯೋಚಿಸಿ ಮುಗಿಸಿದ್ದರು. ನಾನು ಮುಂದೆ, ನನ್ನ ಹಿಂದೆ ಒಂದೊಂದೇ ಮನೆಯವರು ಸೇರುತ್ತಾ, ಮಧ್ಯಾಹ್ನದ ಮೂರು ಗಂಟೆಗೆ ಹದಿನೈದು ಜನರ ಮೆರವಣಿಗೆ ನಮ್ಮ ಗೇಟಿಗೆ ಬಂತು. ಅಮ್ಮ ಜಗಲಿಯಿಂದ ಇಳಿದು ಬಂದು ಶೆಟ್ಟಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಎಲೆ ಬಾಡಿತ್ತು, ಸಾರು ಮೂರು ಸಲ ಕುದ್ದು ಗಟ್ಟಿಯಾಗಿತ್ತು. ಅದರಿಂದಲೇ ರುಚಿ ಬಂತು ಎಂದು ಮಾಮ ಆಮೇಲೆ ವರ್ಷಗಟ್ಟಲೆ ವಾದಿಸಿದರು. ಪಪ್ಪ ಪ್ರಾರ್ಥನೆಗೆ ನಿಂತು, ಕರ್ತನೇ ಎಂದು ಶುರುಮಾಡಿ, ಹಸಿದ ಮುಖಗಳನ್ನು ನೋಡಿ, ಸ್ತೋತ್ರ ಎಂದಷ್ಟೇ ಹೇಳಿ ಕೂತರು. ರೊಟ್ಟಿಗೆ ಸಾರು ಸುರಿಯುವ ಚುರುಚುರು ಸದ್ದು ಸಾಲಿನುದ್ದಕ್ಕೂ ಕೇಳಿಸಿತು. ಅನ್ನಮ್ಮ ಚೇಚಿ ಸೌಟು ಹಿಡಿದು ಬಡಿಸುತ್ತಾ ಮಲಯಾಳದಲ್ಲಿ ನಮ್ಮವರನ್ನೆಲ್ಲ ಜಾಡಿಸಿದರು. ಒಂದು ಸಲ ಕರೆದರೆ ಕಿವಿ ಕೇಳಿಸುವುದಿಲ್ಲವೇ ನಿಮ್ಮ ಊರಿನವರಿಗೆ, ನಮ್ಮಲ್ಲಾದರೆ ಕರೆಯದಿದ್ದರೂ ಬರುತ್ತಾರೆ ಎಂದರು. ಎಲ್ಲರೂ ನಕ್ಕರು. ನನಗೂ ಒಂದು ಎಲೆ ಹಾಕಿದ್ದರು. ಪಪ್ಪನ ಪಕ್ಕದಲ್ಲಿ. ಅಂಥ ಊಟವನ್ನು ನಾನು ಆಮೇಲೆ ಮಾಡಿಲ್ಲ.

ಆದರೆ ಮುಂದಿನ ಆದಿತ್ಯವಾರ ಇತ್ತಲ್ಲ. ವಾರವಿಡೀ ಅಮ್ಮ ಆ ವಿಷಯ ಎತ್ತಲಿಲ್ಲ, ನನಗೆ ಅನ್ನ ಇಳಿಯಲಿಲ್ಲ. ಶೀಲಾ ಎಲ್ಲರಿಗೂ ಹೇಳಿಯಾಗಿತ್ತು. ಕ್ಲಾಸಿನಲ್ಲಿ ಅಮ್ಮ ಪುಸ್ತಕ ತೆರೆಯುವ ಮೊದಲೇ ಬೆಂಚು ನನ್ನ ಕಡೆ ತಿರುಗಿ ಕೂತಿತ್ತು. ಅಮ್ಮ ಪುಸ್ತಕ ತೆರೆಯಲಿಲ್ಲ. ಅದನ್ನು ಮೇಜಿನ ಮೇಲಿಟ್ಟು, ತನ್ನ ತಪ್ಪುತಪ್ಪು ಮಲಯಾಳದಲ್ಲಿ, ಒಬ್ಬಳು ಮನೆಯೊಡತಿ ದೊಡ್ಡ ಊಟ ಮಾಡಿಸಿದಳು ಎಂದಳು.

"ಊಟಕ್ಕೆ ಕರೆಯಲು ಒಬ್ಬ ಹುಡುಗಿಯನ್ನು ಕಳಿಸಿದಳು. ಆದರೆ ಅದೇ ದಿನ ಬೆಳಿಗ್ಗೆ ಆ ಮನೆಯೊಡತಿ ಎಲ್ಲರ ಮುಂದೆ ಆ ಹುಡುಗಿಯ ಮಾನ ಕಳೆದಿದ್ದಳು. ದೇವರ ಕಥೆಯ ಹಿಂದೆ ನಿಂತುಕೊಂಡು ಕಲ್ಲು ಎಸೆದಿದ್ದಳು. ಅದು ತಪ್ಪು ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಗೊತ್ತಾದರೂ, ಹಾಗೆಂದು ಹೇಳಲು ಅವಳಿಗೆ ಒಂದು ವಾರ ಬೇಕಾಯಿತು."

ತಲೆಗಳೆಲ್ಲ ನನ್ನಿಂದ ಅಮ್ಮನ ಕಡೆಗೆ ತಿರುಗಿದವು. ಅಮ್ಮನ ಕತ್ತು ಕೆಂಪಾಗಿತ್ತು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಮುಂದಕ್ಕೂ ಹೇಳುತ್ತಿರಲಿಲ್ಲ. ಮುಂದಿನ ಬೆಂಚಿನ ಪುಟ್ಟ ಹುಡುಗಿಯೊಬ್ಬಳಿಗೆ ತಡೆಯಲಾಗಲಿಲ್ಲ.

"ಆಮೇಲೆ ಆ ಹುಡುಗಿ ಹೋಗಿ ಕರೆದಳಾ ಟೀಚರ್?"

"ಅದನ್ನು ಅವಳೇ ಹೇಳಬೇಕು," ಎಂದಳು ಅಮ್ಮ.

ನಾನು ಎದ್ದು ನಿಂತೆ. ಬೆಂಚು ಹಿಡಿದುಕೊಂಡೆ. ಹೋದಳು, ತುಂಬ ತಡವಾಗಿ ಹೋದಳು ಎಂದೆ. ಬಂದವರಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲವಾ ಎಂದು ಆ ಪುಟ್ಟ ಹುಡುಗಿ ನನ್ನನ್ನೇ ಕೇಳಿದಳು.

"ಇಲ್ಲ," ಎಂದೆ, ಅಮ್ಮನನ್ನು ನೋಡುತ್ತಾ. "ಅವರೆಲ್ಲ ಬಾಗಿಲು ತೆರೆದಿಟ್ಟುಕೊಂಡೇ ಕೂತಿದ್ದರು. ಯಾರಾದರೂ ಬಂದು ಕರೆಯಲಿ ಅಂತ."